ಹಾಡು ನಿಮ್ದೇ, ಕಾಗದ ಯಾರ್ದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಹುಣಸೂರು ಬಸ್‌ಸ್ಟ್ಯಾಂಡಲ್ಲಿ ಮೈಸೂರು ಬಸ್ಸಿಗೆ ಕಾಯ್ತಾ ಕೇಳ್ತಿರೋರಿಗೆ, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗೆ ರಾತ್ರಿಯೆಲ್ಲಾ ಸೌದೆ ಹಾಕ್ತಾ ನಿದ್ದೆ ಬರದೇ ಇರಲಿ ಅಂತ ಕೇಳ್ತಿರೋರಿಗೆ, ಕೆ.ಆರ್. ನಗರದೋರಿಗೆ, ಎಚ್.ಡಿ. ಕೋಟೆಯೋರಿಗೆ, ಎಲ್ರಿಗೂ ನಮಸ್ಕಾರ.

ಇವತ್ತಿನ ಮಾತು ಸಿನಿಮಾದ ಹೊರಗೆ ನಿಂತು ತಮ್ಮ ಹಾಡು ತಾವೇ ಬರೆದು ತಾವೇ ಹಾಡೋರ ಬಗ್ಗೆ. ಈಗ ಇದಕ್ಕೆ ಇಂಡಿ ಮ್ಯೂಸಿಕ್ ಅಂತಾರೆ. ನಮ್ಮ ಕಡೆ ಈ ಪದ ಬಂದದ್ದು ತೀರಾ ಇತ್ತೀಚೆಗೆ. ಅದಕ್ಕೆ ಮುಂಚೆ ನಮಗೆ ಗೊತ್ತಿದ್ದದ್ದು ಆರ್ಕೆಸ್ಟ್ರಾ. ನಾನೂ ಎರಡು ಗಣೇಶನ ಸೀಸನ್ ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ನುಡಿಸಿದವನು. ಸ್ಟೇಜ್ ಮುಂದೆ ಚೀಟಿ ಬರ್ತಿತ್ತು: ರಾಜ್‌ಕುಮಾರ್ ಹಾಡು ಒಂದು, ವಿಷ್ಣುದು ಒಂದು, ಕೊನೆಗೆ ಕುಣಿಯೋಕೆ ಒಂದು. ಆ ಎರಡು ಸೀಸನ್‌ನಲ್ಲಿ "ನಿಮ್ದೇ ಹಾಡು ಇದ್ರೆ ಹಾಡ್ರಪ್ಪಾ" ಅಂತ ಒಂದೇ ಒಂದು ಚೀಟಿ ಬರಲಿಲ್ಲ. ಅದನ್ನ ನಾನು ದೂರು ಅಂತ ಹೇಳ್ತಿಲ್ಲ. ಕೇಳೋರಿಗೆ ಏನು ಗೊತ್ತೋ ಅದನ್ನೇ ತಾನೆ ಕೇಳೋದು. ಮೈಸೂರಿನ ಈ ಆರ್ಕೆಸ್ಟ್ರಾ ಲೋಕ ಹೇಗಿತ್ತು ಅಂತ ನೋಡಬೇಕು ಅಂದ್ರೆ 2023ರ ಜನವರಿಯಲ್ಲಿ ಬಂದ 'ಆರ್ಕೆಸ್ಟ್ರಾ ಮೈಸೂರು' ಸಿನಿಮಾ ನೋಡಿ. ಹಾಡುಗಳನ್ನ ಬರೆದದ್ದು ನಟ ಧನಂಜಯ. ಸಂಗೀತ ರಘು ದೀಕ್ಷಿತ್.

ಇವತ್ತು ಹೇಳಬೇಕು ಅಂದ್ಕೊಂಡಿರೋದು ಆ ರಘು ದೀಕ್ಷಿತ್ ಕಥೆಯನ್ನೇ. ಯಾಕೆ ಅವರೇ? ನಮಗೆ ಹತ್ತಿರದ ಊರಲ್ಲಿ ಬೆಳೆದು, ಸಿನಿಮಾ ಬಾಗಿಲಿಂದ ಒಳಗೆ ಹೋಗದೆ, ಮೊದಲು ತಮ್ಮ ಹಾಡಿನ ಮೂಲಕವೇ ಹೆಸರು ಮಾಡಿದವರು ಅವರು. ಅವರ ದಾರಿ ನೋಡಿದ್ರೆ ಏನು ಸಾಧ್ಯ, ಅದಕ್ಕೆ ಎಷ್ಟು ವರ್ಷ ಹಿಡಿಯುತ್ತೆ, ಎರಡೂ ಗೊತ್ತಾಗುತ್ತೆ.

ಅವರು ಹುಟ್ಟಿದ್ದು 1974ರ ನವೆಂಬರ್ 11ಕ್ಕೆ, ಮಹಾರಾಷ್ಟ್ರದ ನಾಸಿಕ್‌ನಲ್ಲಿ. ಬೆಳೆದದ್ದು ಮೈಸೂರಲ್ಲಿ. ಮನೆ ಸಂಪ್ರದಾಯಸ್ಥರದು. ಹುಡುಗ ಭರತನಾಟ್ಯ ಕಲಿತ, ಅದೂ ಸುಮ್ಮನೆ ಶಾಲಾ ವಾರ್ಷಿಕೋತ್ಸವಕ್ಕಲ್ಲ, ವಿದ್ವತ್ ಮಟ್ಟದವರೆಗೆ. ಓದಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೈಕ್ರೋಬಯಾಲಜಿ ಎಂ.ಎಸ್ಸಿ., ಚಿನ್ನದ ಪದಕ. ಗಿಟಾರ್ ಕೈಗೆ ಬಂದ ಕಥೆಯನ್ನ ಅವರೇ ಎಷ್ಟೋ ಕಡೆ ಹೇಳಿದ್ದಾರೆ: ಕಾಲೇಜಲ್ಲಿ ಒಬ್ಬ ಗೆಳೆಯ ಇವರ ಡ್ಯಾನ್ಸ್ ಬಗ್ಗೆ ಕಾಲೆಳೆದ, ಮಾತಿಗೆ ಮಾತು ಬೆಳೆದು ಬೆಟ್ ಆಯ್ತು, ಇವರು ಹಟಕ್ಕೆ ಬಿದ್ದು ಗಿಟಾರ್ ಕಲಿತರು. ಗುರು ಇಲ್ಲ, ಸಂಗೀತ ಶಾಲೆ ಇಲ್ಲ. ನಮ್ಮಲ್ಲಿ "ಶಾಸ್ತ್ರೀಯವಾಗಿ ಕಲಿತಿಲ್ಲ, ಹಾಡೋಕೆ ನಾಚ್ಕೆ" ಅನ್ನೋ ಹುಡುಗರು ಬೇಕಾದಷ್ಟು ಇದ್ದಾರೆ. ಅವರಿಗೆ ಈ ಒಂದು ಸಂಗತಿ ಸಾಕು ಅಂತ ನನಗನ್ನಿಸುತ್ತೆ.

ತೊಂಬತ್ತರ ದಶಕದ ಕೊನೆಗೆ ಅವರೂ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಅವರೂ ಸೇರಿ 'ಅಂತರಾಗ್ನಿ' ಅನ್ನೋ ತಂಡ ಕಟ್ಟಿದರು. ನಡುವೆ ಕೆಲಸಕ್ಕೆ ಅಂತ ಬೆಲ್ಜಿಯಂಗೆ ಹೋದರು, ಕೈಯಲ್ಲಿ ವಿಜ್ಞಾನಿಯ ಕೆಲಸ. ಅಲ್ಲಿನ ಒಂದು ರೇಡಿಯೋದಲ್ಲಿ ಇವರ ಹಾಡು ಹೋಯ್ತು, ಭಾಷೆ ಗೊತ್ತಿಲ್ಲದ ಜನಕ್ಕೂ ಇಷ್ಟ ಆಯ್ತು. ಅಷ್ಟಾದ ಮೇಲೆ ಲ್ಯಾಬಲ್ಲಿ ಮನಸ್ಸು ನಿಲ್ಲಲಿಲ್ಲ. ಬೆಂಗಳೂರಿಗೆ ವಾಪಸ್ ಬಂದರು. ತಂಡ ಮುಂದೆ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಆಯ್ತು. ಜನ ಬಂದು ಹೋಗ್ತಾ ಇರಬಹುದು, ಪ್ರಾಜೆಕ್ಟ್ ಇರುತ್ತೆ, ಆ ಲೆಕ್ಕ.

ಇಲ್ಲಿಂದ ಕಥೆ ನಿಧಾನ ಆಗುತ್ತೆ. ನಿಧಾನ ಆಗೋ ಈ ಭಾಗವೇ ನಮಗೆ ಬೇಕಾದ್ದು. ರೀಲ್ಸ್‌ನಲ್ಲಿ ಹೇಳೋ ಯಶಸ್ಸಿನ ಕಥೆಯಲ್ಲಿ ಇದನ್ನ ಕಟ್ ಮಾಡ್ತಾರೆ. ತಂಡ ಕಟ್ಟಿದ್ದು ತೊಂಬತ್ತರ ದಶಕದ ಕೊನೆಗೆ, ಮೊದಲ ಆಲ್ಬಂ ಬಂದದ್ದು 2008ಕ್ಕೆ. ಹತ್ತಿರ ಹತ್ತಿರ ಹತ್ತು ವರ್ಷ! ಆ ಹತ್ತು ವರ್ಷ ಮ್ಯೂಸಿಕ್ ಕಂಪನಿಗಳ ಬಾಗಿಲು ತಟ್ಟಿದ್ದೂ ಆಯ್ತು, ವಾಪಸ್ ಬಂದದ್ದೂ ಆಯ್ತು. ಕಂಪನಿಗಳ ಕಷ್ಟಾನೂ ಯೋಚನೆ ಮಾಡಿ: ಒಂದು ಹಾಡು ಕನ್ನಡ, ಒಂದು ಹಿಂದಿ, ಒಂದು ಇಂಗ್ಲಿಷ್. ಕ್ಯಾಸೆಟ್ ಅಂಗಡಿಯವನು ಇದನ್ನ ಯಾವ ಸಾಲಲ್ಲಿ ಜೋಡಿಸಬೇಕು? ಭಕ್ತಿಗೀತೆಯಲ್ಲ, ಭಾವಗೀತೆಯಲ್ಲ, ಸಿನಿಮಾ ಅಲ್ಲ. ಕೊನೆಗೆ ಮುಂಬೈನಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಇವರ ಕಾರ್ಯಕ್ರಮ ಕೇಳಿ, ತಮ್ಮದೇ ಲೇಬಲ್‌ನಿಂದ ಆಲ್ಬಂ ತಂದರು. ಸ್ವತಂತ್ರ ಅಂದ್ರೆ ಯಾರ ಸಹಾಯಾನೂ ಇಲ್ಲದೆ ಅಂತಲ್ಲ, ನೋಡಿ. ಆದ್ರೆ ಸಹಾಯ ಮಾಡೋರು ಬರೋ ಹೊತ್ತಿಗೆ ಇವರ ಹತ್ರ ಹಾಡು ರೆಡಿ ಇತ್ತು, ನೂರಾರು ಸ್ಟೇಜಲ್ಲಿ ಪಳಗಿದ ಗಂಟಲು ಇತ್ತು.

ಆ ಆಲ್ಬಂನಲ್ಲಿ ಮೈಸೂರಿನ ಹೆಸರು ಹೊತ್ತ ಒಂದು ಹಿಂದಿ ಹಾಡಿದೆ, ಕೇಳಿರ್ತೀರಿ. ನನಗೆ ಮುಖ್ಯ ಅನ್ನಿಸೋದು ಕನ್ನಡದ ಎರಡು. ಎರಡೂ ಶಿಶುನಾಳ ಷರೀಫರ ತತ್ವಪದಗಳು. ಒಂದು ಸೋರುವ ಮನೆಮಾಳಿಗೆಯದು, ಇನ್ನೊಂದು ಗುಡುಗುಡಿಯದು. ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು, ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ನಮ್ಮಪ್ಪ–ಅಮ್ಮನ ಕಾಲದವರಿಗೆ ಷರೀಫರು ಅಂದ್ರೆ ಸಿ. ಅಶ್ವಥ್ ಅವರ ದನಿ. ಕ್ಯಾಸೆಟ್ ಕಾಲದಲ್ಲಿ ಆ ಪದಗಳನ್ನ ಮನೆಮನೆಗೆ ಮುಟ್ಟಿಸಿದವರು ಅವರು, 1990ರ 'ಸಂತ ಶಿಶುನಾಳ ಷರೀಫ' ಸಿನಿಮಾದ ಸಂಗೀತಾನೂ ಅವರದೇ. ಅಂಥ ದೊಡ್ಡ ದನಿ ಒಂದು ಹಾಡಿನ ಮೇಲೆ ಕೂತಿರುವಾಗ ಇನ್ನೊಬ್ಬ ಅದನ್ನ ಮುಟ್ಟೋದು ಸುಲಭ ಅಲ್ಲ. ರಘು ಮುಟ್ಟಿದರು, ಆದ್ರೆ ಅಶ್ವಥ್ ಅವರ ನಕಲು ಮಾಡೋಕೆ ಹೋಗಲಿಲ್ಲ. ತಮ್ಮದೇ ಧಾಟಿ, ಗಿಟಾರ್, ಡ್ರಮ್ಸು, ಉಸಿರು ಬಿಟ್ಟು ಕೂಗೋ ಆ ಗಂಟಲು. ಹೊಗೆಸೊಪ್ಪು ಬೆಳೆಯೋ ತಾಲ್ಲೂಕಿನವನಾದ ನನಗೆ ಗುಡುಗುಡಿ ಹಾಡಲ್ಲಿ ಬೇರೇನೇ ಒಂದು ಖುಷಿ ಇದೆ, ಅದು ಬಿಡಿ.

ಆಮೇಲಿನದನ್ನ ಬೇಗ ಹೇಳ್ತೀನಿ, ಇದೆಲ್ಲಾ ಹುಡುಕಿದ್ರೆ ಸಿಗುತ್ತೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋನಲ್ಲಿ ಹಾಡಿದರು. ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯ್ತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. ಮಿರಿಮಿರಿ ಲುಂಗಿ, ಕಾಲಲ್ಲಿ ಗೆಜ್ಜೆ. ಆ ಗೆಜ್ಜೆ ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ? ಹುಡುಗರು ಕಾಲೆಳೆದಿದ್ದು ಅದನ್ನೇ. 2013ರಲ್ಲಿ ಎರಡನೇ ಆಲ್ಬಂ 'ಜಗ್ ಚಂಗಾ' ಬಂತು.

ಇನ್ನು ಸಿನಿಮಾ. "ಇಂಡಿ ಅಂತಾರೆ, ಸಿನಿಮಾಕ್ಕೂ ಮ್ಯೂಸಿಕ್ ಮಾಡ್ತಾರೆ" ಅಂತ ಕೆಲವರು ಮೂಗು ಮುರೀತಾರೆ. 2008ರ 'ಸೈಕೋ', 2010ರ 'ಜಸ್ಟ್ ಮಾತ್ ಮಾತಲ್ಲಿ', 2020ರ 'ಲವ್ ಮಾಕ್‌ಟೇಲ್', ಹಿಂದಿಯ 'ಶೆಫ್', ಹೌದು, ಎಲ್ಲಾ ಮಾಡಿದ್ದಾರೆ. 'ಸೈಕೋ' ಸಿನಿಮಾದ ಮಹದೇಶ್ವರನ ಹಾಡು ನಮ್ಮ ಕಡೆ ಬೈಕಲ್ಲಿ, ಆಟೋದಲ್ಲಿ ಎಷ್ಟು ಓಡ್ತು ಅಂತ ನಾನು ಹೇಳಬೇಕಾಗಿಲ್ಲ. ನನ್ನ ಪ್ರಕಾರ ಇದರಲ್ಲಿ ತಪ್ಪೇನಿಲ್ಲ. ಮಳೆ ನಂಬ್ಕೊಂಡು ರಾಗಿ ಹಾಕೋನು ಮನೆಯಲ್ಲಿ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕ್ತಾನಲ್ಲ, ಹಾಗೆ. ಸಿನಿಮಾ ಹಾಲಿನ ದುಡ್ಡು, ಸ್ವಂತ ಹಾಡು ರಾಗಿ ಹೊಲ. ಹೊಲ ಮಾರದೆ ಇದ್ರೆ ಆಯ್ತು.

ಇನ್ನೊಂದು ಸಂಗತಿ ಬಿಟ್ಟು ಕಥೆ ಹೇಳಿದ್ರೆ ಅದು ಅಭಿಮಾನಿ ಸಂಘದ ಭಾಷಣ ಆಗುತ್ತೆ. 2018ರ ಅಕ್ಟೋಬರ್‌ನಲ್ಲಿ, ಮೀ ಟೂ ಹೊತ್ತಲ್ಲಿ, ರಘು ದೀಕ್ಷಿತ್ ಮೇಲೂ ಅನುಚಿತ ವರ್ತನೆಯ ಆರೋಪಗಳು ಬಂದವು. ಅವರು ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಹಾಡು ಇಷ್ಟಪಡೋರು ಇದನ್ನೂ ತಿಳ್ಕೊಂಡಿರಬೇಕು. ನಾನು ಇದನ್ನ ಹೇಳೋಕೆ ಇನ್ನೊಂದು ಕಾರಣಾನೂ ಇದೆ. ಸ್ವತಂತ್ರ ಸಂಗೀತದಲ್ಲಿ ಆಫೀಸಿಲ್ಲ, ದೂರು ಕೊಡೋ ಕಮಿಟಿ ಇಲ್ಲ. ರೆಕಾರ್ಡಿಂಗ್ ಅಂದ್ರೆ ಬಹಳ ಸಲ ಯಾರದೋ ಮನೆಯ ಒಂದು ಕೋಣೆ, ರಾತ್ರಿ ಹೊತ್ತು. ನಮ್ಮ ತಾಲ್ಲೂಕುಗಳಿಂದ ಹಾಡೋಕೆ ಹೊರಟ ಹೆಣ್ಣುಮಕ್ಕಳು ಜೊತೆಗೊಬ್ಬರನ್ನ ಕರ್ಕೊಂಡು ಹೋಗ್ತೀವಿ ಅಂದಾಗ "ಯಾಕೆ, ನಂಬಿಕೆ ಇಲ್ವಾ?" ಅನ್ನೋ ಸ್ಟುಡಿಯೋ ಇದ್ರೆ ಅಲ್ಲಿಂದ ಎದ್ದು ಬನ್ನಿ. ಬೇರೆ ಸ್ಟುಡಿಯೋ ಸಿಗುತ್ತೆ.

ರಘು ಅವರ ತಮ್ಮ ವಾಸು ದೀಕ್ಷಿತ್ ಅವರದ್ದೇ ಇನ್ನೊಂದು ದಾರಿ, ಅದು 'ಸ್ವರಾತ್ಮ' ತಂಡ. ಅವರ 2009ರ ಮೊದಲ ಆಲ್ಬಂನಲ್ಲಿ ಕಾವೇರಿ ನದಿಯ ಮೇಲೆ ಒಂದು ಹಾಡಿದೆ. ಕಾವೇರಿ ಚುಂಚನಕಟ್ಟೆಯಲ್ಲಿ ಧುಮುಕೋದನ್ನ ನೋಡ್ತಾ ಬೆಳೆದ ನಮಗೆ ಕಾವೇರಿ ಅಂದ್ರೆ ಬೇಸಿಗೆಯಲ್ಲಿ ಬರೀ ಟಿ.ವಿ. ಸುದ್ದಿ ಆಗಿಬಿಟ್ಟಿತ್ತು. ನದಿ ಮೇಲೆ ರಾಕ್ ಹಾಡು ಕಟ್ಟಬಹುದು ಅಂತ ಹೊಳೆದದ್ದೇ ಆ ಹಾಡು ಕೇಳಿದ ಮೇಲೆ.

ಸರಿ, ಈಗ ನಮ್ಮ ಕಡೆಗೆ ಬರೋಣ. ರಘು ದೀಕ್ಷಿತ್ ಹತ್ತು ವರ್ಷ ಕಾದದ್ದು ಯಾವುದಕ್ಕೆ? ರೆಕಾರ್ಡ್ ಮಾಡಿ ಅಂಗಡಿಗೆ ಮುಟ್ಟಿಸೋಕೆ ಒಂದು ಕಂಪನಿ ಬೇಕಿತ್ತು. ಇವತ್ತು ಅದು ಬೇಕಾಗಿಲ್ಲ. ಸ್ಪಾಟಿಫೈ ನಮ್ಮ ದೇಶಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಥರದ ಡಿಸ್ಟ್ರಿಬ್ಯೂಟರ್‌ಗಳಿಗೆ ಸಣ್ಣ ಫೀಸು ಕಟ್ಟಿದ್ರೆ ಹ್ಯಾಂಡ್‌ಪೋಸ್ಟಿನ ಒಂದು ರೂಮಲ್ಲಿ ಹಾಡಿದ್ದು ಎಲ್ಲಾ ಆ್ಯಪ್‌ಗೂ ಹೋಗುತ್ತೆ. ಹಾಗಿದ್ರೆ ಕಂಪನಿಗಳು ಹೋದ್ವಾ? ಇಲ್ಲ. ಹೊಸ ರೂಪದಲ್ಲಿ ಬಂದಿವೆ. ಈಗ ಅವು ಯೂಟ್ಯೂಬ್ ಚಾನೆಲ್ ಇಟ್ಟುಕೊಂಡಿರೋ ಆಡಿಯೋ ಕಂಪನಿಗಳು, ಅವುಗಳ ಹತ್ರ ಇರೋದು ಸಬ್‌ಸ್ಕ್ರೈಬರ್ಸು.

ಕೋಟೆ ಕಡೆಯ ಒಬ್ಬ ಹುಡುಗ, ಹೆಸರು ಬೇಡ, ಡಿಗ್ರಿ ಓದ್ತಾ ಇದ್ದಾನೆ. ಒಂದು ಹಾಡು ಬರೆದ. ಕಬಿನಿ ಹಿನ್ನೀರಲ್ಲಿ ಮುಳುಗಿದ ಊರನ್ನ ಅವರಜ್ಜಿ ನೆನೆಸ್ಕೊಳ್ಳೋ ಹಾಡು. ಪಾಪ್ ಹಾಡೇ, ಬೀಟ್ ಇದೆ. ಆದ್ರೆ ಮಾತು ಪೂರ್ತಿ ಕೋಟೆಯದು. ಮೈಸೂರಲ್ಲಿ ಸ್ಟುಡಿಯೋಗೆ ಅಂತ, ವಿಡಿಯೋಗೆ ಅಂತ ಸೇರಿ ಇಪ್ಪತ್ತೆರಡು ಸಾವಿರ ಖರ್ಚು ಮಾಡಿದ್ದ. ಒಂದಿನ ವಾಟ್ಸಾಪಲ್ಲಿ ಪಿಡಿಎಫ್ ಕಳಿಸಿದ. "ಅಣ್ಣ, ಇವ್ರು ಹದಿನೈದು ಸಾವ್ರ ಕೊಟ್ಟು ಅವ್ರ ಚಾನೆಲಲ್ಲೇ ಬಿಡ್ತೀವಿ ಅಂತವ್ರೆ. ನಾಳೆನೇ ಸೈನ್ ಬೇಕಂತೆ. ಹಾಕ್ಬಿಡ್ಲಾ?"

ನಾನು ಓದಿದೆ. ಆರು ಪುಟ, ಇಂಗ್ಲಿಷ್. ಎರಡನೇ ಪುಟದಲ್ಲಿ ಒಂದು ಸಾಲು: ಸಾಹಿತ್ಯ, ರಾಗ, ಧ್ವನಿಮುದ್ರಣ, ವಿಡಿಯೋ, ನಾಲ್ಕರ ಹಕ್ಕೂ, ಜಗತ್ತಿನಾದ್ಯಂತ, ಎಂದೆಂದಿಗೂ ಕಂಪನಿಗೆ. ನಾಲ್ಕನೇ ಪುಟದಲ್ಲಿ ಇನ್ನೊಂದು: ಮುಂದಿನ ಐದು ಹಾಡುಗಳೂ ಮೊದಲು ಇವರಿಗೇ ತೋರಿಸಬೇಕು. ಹದಿನೈದು ಸಾವಿರಕ್ಕೆ!

ಈಗ ಕಾನೂನು ಏನು ಹೇಳುತ್ತೆ ಅಂತ ಸರಳವಾಗಿ ಹೇಳ್ತೀನಿ. ನಾನು ವಕೀಲ ಅಲ್ಲ, ಆದ್ರೆ 1957ರ ಕಾಪಿರೈಟ್ ಕಾಯ್ದೆ ಯಾರು ಬೇಕಾದ್ರೂ ಓದಬಹುದು.

ಒಂದು ಹಾಡಲ್ಲಿ ಒಂದೇ ಹಕ್ಕು ಇರೋದಿಲ್ಲ. ಸಾಹಿತ್ಯ ಬರೆದವರದ್ದು ಒಂದು, ರಾಗ ಹಾಕಿದವರದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಹಾಡಿದವರಿಗೆ ಕಲಾವಿದರ ಹಕ್ಕು ಅಂತ ಬೇರೆ ಇದೆ. ಸಾಹಿತ್ಯ, ರಾಗದ ಹಕ್ಕು ಬರೆದವರ ಜೀವನಪರ್ಯಂತ, ಅವರು ಹೋದ ಮೇಲೂ 60 ವರ್ಷ. ಧ್ವನಿಮುದ್ರಣದ್ದು ಪ್ರಕಟವಾದಾಗಿಂದ 60 ವರ್ಷ, ಅದರ ಒಡೆಯ ಹಾಡಿದವನಲ್ಲ, ಮುಂದೆ ನಿಂತು ಜವಾಬ್ದಾರಿ ತಗೊಂಡು ರೆಕಾರ್ಡ್ ಮಾಡಿಸಿದ ನಿರ್ಮಾಪಕ. ಹಾಗಾಗಿ ಸ್ಟುಡಿಯೋದ ಬಿಲ್ಲು ಯಾರ ಹೆಸರಲ್ಲಿದೆ ಅನ್ನೋದು ಸಣ್ಣ ವಿಷಯ ಅಲ್ಲ. ಆ ಹುಡುಗ ಖರ್ಚು ಮಾಡಿದ್ದು ತನ್ನ ದುಡ್ಡು, ಬಿಲ್ಲು ಇಟ್ಕೊಂಡಿದ್ದ. ಅಂದ್ರೆ ಎಲ್ಲಾ ಅವನದೇ. ಎಲ್ಲಾ ಅವನದೇ ಆಗಿದ್ದನ್ನ ಅವರು ಕೇಳ್ತಿದ್ದರು.

ಹಕ್ಕು ಬರೆದುಕೊಡೋ ಕಾಗದದಲ್ಲಿ ಎಷ್ಟು ವರ್ಷಕ್ಕೆ ಅಂತ ಹೇಳದೇ ಇದ್ರೆ, ಕಾನೂನು ಅದನ್ನ ಐದು ವರ್ಷ ಅಂತ ತಿಳ್ಕೊಳ್ಳುತ್ತೆ. ಯಾವ ಜಾಗಕ್ಕೆ ಅಂತ ಹೇಳದೇ ಇದ್ರೆ ಭಾರತಕ್ಕೆ ಮಾತ್ರ. ಅದಕ್ಕೇ ಕಂಪನಿಯವರು "ಎಂದೆಂದಿಗೂ", "ಜಗತ್ತಿನಾದ್ಯಂತ" ಅಂತ ಮರೀದೇ ಬರೀತಾರೆ. ಆದ್ರೆ ಬರೆದದ್ದನ್ನೆಲ್ಲಾ ಒಪ್ಪಲೇಬೇಕು ಅಂತ ಎಲ್ಲೂ ಇಲ್ಲ. "ಎಂದೆಂದಿಗೂ" ಹೊಡೆದುಹಾಕಿ "ಐದು ವರ್ಷ" ಅಂತ ಬರೀರಿ ಅಂತ ಕೇಳೋದು ಅವಮಾನಾನೂ ಅಲ್ಲ, ಅಹಂಕಾರಾನೂ ಅಲ್ಲ.

ಇನ್ನೊಂದು ಸಂಗತಿ ನಮ್ಮ ಹುಡುಗರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 2012ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಆಯ್ತು. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಧನದ ಹಕ್ಕನ್ನ ಕಂಪನಿಗೆ ಬಿಟ್ಟುಕೊಡೋಕೆ ಆಗೋದೇ ಇಲ್ಲ, ಬರೆದುಕೊಟ್ಟರೂ ಅದು ನಡೆಯಲ್ಲ. ಬರೋ ರಾಯಧನದಲ್ಲಿ ಸಮಪಾಲು ಅವರಿಗೆ ಇದ್ದೇ ಇರುತ್ತೆ. ಆದ್ರೆ ಹಕ್ಕಿದೆ ಅಂದ ಮಾತ್ರಕ್ಕೆ ದುಡ್ಡು ಮನೆ ಬಾಗಿಲಿಗೆ ಬರಲ್ಲವಲ್ಲ. ಅದನ್ನ ವಸೂಲಿ ಮಾಡಿ ಹಂಚೋಕೆ ಐಪಿಆರ್‌ಎಸ್ ಅನ್ನೋ ಸಂಸ್ಥೆ ಇದೆ, 1969ರಿಂದ ಇದೆ. ಸಾಹಿತ್ಯ ಬರೆಯೋರು, ಸಂಗೀತ ಸಂಯೋಜಕರು ಅದರಲ್ಲಿ ಸದಸ್ಯರಾಗಬಹುದು. ಸದಸ್ಯರಾಗದೇ ಇದ್ರೆ ನಿಮ್ಮ ಪಾಲು ಎಲ್ಲೋ ಸೇರಿಕೊಂಡು ಕೂತಿರುತ್ತೆ. ಕಾಪಿರೈಟ್ ನೋಂದಣಿ ಕಡ್ಡಾಯ ಅಲ್ಲ, ಹಾಡು ಹುಟ್ಟಿದ ಕೂಡಲೇ ಹಕ್ಕು ಹುಟ್ಟುತ್ತೆ. ಆದ್ರೆ ನಾಳೆ ಜಗಳ ಆದ್ರೆ ಸಾಕ್ಷಿ ಬೇಕು ಅನ್ನೋರಿಗೆ ಆನ್‌ಲೈನಲ್ಲೇ ಮಾಡಿಸಬಹುದು. 2013ರ ನಿಯಮದಂತೆ ಸಾಹಿತ್ಯಕ್ಕೆ ಅಥವಾ ರಾಗಕ್ಕೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2000.

ಆ ಹುಡುಗ ಏನು ಮಾಡಿದ? "ಐದು ವರ್ಷಕ್ಕೆ ಆದ್ರೆ ಕೊಡ್ತೀನಿ, ಮುಂದಿನ ಹಾಡುಗಳ ಸಾಲು ತೆಗೀರಿ" ಅಂತ ಮೆಸೇಜ್ ಹಾಕಿದ. ಎರಡು ಬ್ಲೂ ಟಿಕ್ ಬಂತು, ಉತ್ತರ ಬರಲಿಲ್ಲ. ಮೂರು ವಾರ ಕಾದು ತನ್ನ ಚಾನೆಲಲ್ಲೇ ಬಿಟ್ಟ. ಹನ್ನೊಂದು ಸಾವಿರ ಜನ ನೋಡಿದ್ದಾರೆ. ಲಕ್ಷ ಅಲ್ಲ, ಕೋಟಿ ಅಂತೂ ಅಲ್ಲವೇ ಅಲ್ಲ. ಆದ್ರೆ ಕೆಳಗಿರೋ ಕಮೆಂಟ್ ಓದಿದೆ ನಾನು. ಮುಳುಗಿದ ಊರಿನವರ ಮಕ್ಕಳು, ಮೊಮ್ಮಕ್ಕಳು ಎಲ್ಲೆಲ್ಲಿಂದಲೋ ಬರೆದಿದ್ದಾರೆ, "ನಮ್ಮೂರೂ ಅದೇ" ಅಂತ. ಈ ಹಾಡು ಕೇಳಿ ಸುತ್ತಮುತ್ತಲ ಎರಡು ಊರಿನ ಹಬ್ಬಕ್ಕೆ ಕರೆದರು. ಆರ್ಕೆಸ್ಟ್ರಾ ನಡುವೆ ಹತ್ತು ನಿಮಿಷ, ಅವನದೇ ಹಾಡು. ಇಪ್ಪತ್ತೆರಡು ಸಾವಿರ ಇನ್ನೂ ಪೂರ್ತಿ ವಾಪಸ್ ಬಂದಿಲ್ಲ. ಅದನ್ನ ನಾನು ಮುಚ್ಚಿಡಲ್ಲ.

ದುಡ್ಡಿನ ಮಾತು ಬಂತಲ್ಲ, ಪೂರ್ತಿ ಹೇಳಿಬಿಡ್ತೀನಿ. "ಒಂದು ಪ್ಲೇಗೆ ಇಷ್ಟು ಪೈಸೆ" ಅನ್ನೋ ಲೆಕ್ಕ ಬಹಳ ಜನ ಹೇಳ್ತಾರೆ. ಆ ಥರ ನಿಗದಿ ರೇಟೇ ಇಲ್ಲ. ಸೇರಿದ ಒಟ್ಟು ದುಡ್ಡಲ್ಲಿ ನಿಮ್ಮ ಹಾಡಿನ ಪಾಲೆಷ್ಟು ಅಂತ ಹಂಚ್ತಾರೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಂಡಿರಬೇಕು, ಇಲ್ಲದಿದ್ರೆ ಅದರ ರೆಕಾರ್ಡಿಂಗ್ ದುಡ್ಡು ಲೆಕ್ಕಕ್ಕೇ ಬರಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲು ಸಿಗೋಕೆ 1000 ಸಬ್‌ಸ್ಕ್ರೈಬರ್ಸು ಬೇಕು, ಜೊತೆಗೆ ವರ್ಷಕ್ಕೆ 4000 ಗಂಟೆ ವೀಕ್ಷಣೆ, ಅಥವಾ ಮೂರು ತಿಂಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂಸ್. ಹೊಸಬರಿಗೆ ಇದರಿಂದ ಸಂಸಾರ ನಡೆಯಲ್ಲ. ರಘು ದೀಕ್ಷಿತ್ ಆ ಹತ್ತು ವರ್ಷ ನಿಂತದ್ದೂ ಸ್ಟೇಜ್ ಮೇಲೇ, ಆ್ಯಪ್ ಇರಲೇ ಇಲ್ಲ ಆಗ. ಈಗಲೂ ಹಾಡುಗಾರನ ಕೈಗೆ ನಗದು ಬರೋದು ಜನರ ಮುಂದೆ ನಿಂತು ಹಾಡಿದಾಗ್ಲೇ. ಹಾಗಾಗಿ ಎಲ್ಲಾ ದುಡ್ಡೂ ಡ್ರೋನ್ ಶಾಟಿಗೆ ಸುರೀಬೇಡಿ. ಅರ್ಧ ಗಂಟೆ ನಿಲ್ಲದೆ ಹಾಡೋ ಉಸಿರು ಬೆಳೆಸ್ಕೊಳ್ಳಿ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ಹಕ್ಕಿನ ಮಾತಲ್ಲಿ ನನಗೆ ಬಹಳ ಕಾಡೋದು ಇನ್ನೊಂದು. ಕೆ.ಆರ್. ನಗರದ ಕಪ್ಪಡಿ ಗೊತ್ತಲ್ಲ, ಕಾವೇರಿ ದಂಡೆಯಲ್ಲಿ ರಾಚಪ್ಪಾಜಿ, ಚೆನ್ನಾಜಮ್ಮನವರ ಗದ್ದಿಗೆ. ಶಿವರಾತ್ರಿಯಿಂದ ಯುಗಾದಿ ತನಕ ಜಾತ್ರೆ. ಅಲ್ಲಿ ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ, ದಮ್ಮಡಿ, ಗಗ್ಗರ ಹಿಡಿದು ರಾತ್ರಿಯೆಲ್ಲಾ ಕಥೆ ಹಾಡ್ತಾರೆ. ಅವರಿಗಿಂತ ಸ್ವತಂತ್ರ ಹಾಡುಗಾರ ಇನ್ಯಾರು? ಆ ಕಥೆ, ಆ ಮಟ್ಟು ಯಾರೊಬ್ಬರ ಸ್ವತ್ತೂ ಅಲ್ಲ, ಪರಂಪರೆಯದು. ಯಾರು ಬೇಕಾದ್ರೂ ಹಾಡಬಹುದು. ಆದ್ರೆ ಒಬ್ಬ ಕಂಪನಿಯವನು ಬಂದು ಅದನ್ನ ರೆಕಾರ್ಡ್ ಮಾಡಿದ ಅನ್ನಿ, ಆ ರೆಕಾರ್ಡಿಂಗ್ ಅವನದಾಗುತ್ತೆ. ತಂಬೂರಿಯವರಿಗೆ ಆ ದಿನದ ಕೂಲಿ, ಊಟ. ನಾಳೆ ಆ ತಾತನ ಮೊಮ್ಮಗನೇ ತಾತನ ಹಾಡಿನ ತುಣುಕು ರೀಲ್ಸ್‌ಗೆ ಹಾಕಿದ್ರೆ "ಇದು ಇಂಥವರ ಸ್ವತ್ತು" ಅಂತ ಫೋನಿಗೆ ನೋಟಿಸು ಬರಬಹುದು. ತಾತ ಹಾಡಿದ್ದು, ಮೊಮ್ಮಗ ಹಾಕಿದ್ದು, ಸ್ವತ್ತು ಇನ್ಯಾರದ್ದೋ!

ಇದಕ್ಕೆ ಒಂದು ಸಣ್ಣ ಉಪಾಯ ಇದೆ, ಅದು ನಿಮ್ಮ ಕೈಯಲ್ಲೇ ಇದೆ. ನಿಮ್ಮೂರಿನ ಸೋಬಾನೆ ಹಾಡೋ ಅಜ್ಜಿಯನ್ನೋ ತಂಬೂರಿ ತಾತನನ್ನೋ ಮೊದಲು ನೀವು ರೆಕಾರ್ಡ್ ಮಾಡಿ, ಫೋನಲ್ಲೇ ಆಗಲಿ. ಅವರ ಒಪ್ಪಿಗೆ ಕೇಳಿ. ಹಾಕೋವಾಗ ಅವರ ಹೆಸರು ಮೇಲೆ, ನಿಮ್ಮ ಹೆಸರು ಕೆಳಗೆ. ದುಡ್ಡು ಬಂದ್ರೆ ಪಾಲು ಕೊಡಿ. ಅದೇ ಮಟ್ಟಿಗೆ ನೀವು ಗಿಟಾರ್ ಸೇರಿಸಿ ಹೊಸ ಹಾಡು ಕಟ್ಟೋದಾದ್ರೆ, ಯಾರಿಂದ ಕಲಿತದ್ದು ಅಂತ ಬರೀರಿ. ಷರೀಫರ ಪದ ಹಾಡೋವಾಗ್ಲೂ ಒಂದು ಎಚ್ಚರ: ಪದಗಳು ಎಲ್ಲರವು, ಷರೀಫರು ತೀರಿಕೊಂಡು ನೂರು ವರ್ಷದ ಮೇಲಾಯ್ತು. ಆದ್ರೆ ಅಶ್ವಥ್ ಅವರು ಹಾಕಿದ ರಾಗ ಎಲ್ಲರದ್ದಲ್ಲ. ಅವರು ತೀರಿಕೊಂಡದ್ದು 2009ರ ಡಿಸೆಂಬರ್ 29ಕ್ಕೆ. ರಘು ತಮ್ಮದೇ ಧಾಟಿ ಹಾಕಿದ್ದರ ಗುಟ್ಟು ಬರೀ ಕಲೆಯ ಗುಟ್ಟಲ್ಲ, ಕಾನೂನಿನಲ್ಲೂ ಅದೇ ಸರಿಯಾದ ದಾರಿ.

ಭಾಷೆ ಬಗ್ಗೆ ಒಂದು ಮಾತು. ನನಗೆ ಬರೋ ಹಾಡುಗಳಲ್ಲಿ ಮುಕ್ಕಾಲು ಪಾಲು ಬೆಂಗಳೂರಿನ ರೇಡಿಯೋ ಕನ್ನಡದಲ್ಲಿರುತ್ತವೆ. ಮನೆಯಲ್ಲಿ "ಎಲ್ಲೋಗಿದ್ಲಾ, ಉಣ್ಣಾಕ್ ಬಾ" ಅನ್ನೋ ಹುಡುಗ ಮೈಕ್ ಮುಂದೆ ನಿಂತ ಕೂಡಲೇ "ಪ್ರಿಯತಮೆ, ನಿನ್ನ ಒಲವಿನಲಿ" ಅಂತ ಶುರು ಮಾಡ್ತಾನೆ. ಯಾಕಪ್ಪಾ? ಕೋಟೆ ಹುಡುಗನ ಹಾಡು ಜನಕ್ಕೆ ತಾಗಿದ್ದು ಅವನ ಅಜ್ಜಿಯ ಮಾತು ಅದರಲ್ಲಿ ಇದ್ದದ್ದಕ್ಕೆ. ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು 1961ರಿಂದ ಇದ್ದಾರೆ. ಅಲ್ಲಿಯ ಅಂಗಡಿಗಳಲ್ಲಿ ಇವತ್ತಿಗೂ ಟಿಬೆಟಿಯನ್ ಪಾಪ್ ಹಾಡು ಕೇಳುತ್ತೆ. ನೆಲ ಬಿಟ್ಟು ಬಂದೋರೇ ತಮ್ಮ ಮಾತಲ್ಲಿ ಹಾಡ್ತಾ ಇರುವಾಗ, ನೆಲದಲ್ಲೇ ಇರೋ ನಮಗೆ ಯಾಕೆ ಸಂಕೋಚ?

ಮೊದಲ ಹಾಡು ಎಲ್ಲಿ ಕೇಳಿಸೋದು ಅನ್ನೋರಿಗೆ: ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸೋ ಸಮುದಾಯ ರೇಡಿಯೋ ಇದೆ, 'ಜನಧ್ವನಿ', 90.8. ಕೋಟೆ, ಸರಗೂರು ಕಡೆಯವರು ಅಲ್ಲಿ ಹೋಗಿ ಮಾತಾಡಿ. ಸಮುದಾಯ ರೇಡಿಯೋ ಅಂದ್ರೆ ಸ್ಥಳೀಯ ದನಿಗೇ ಇರೋದು. ಬೆಲ್ಜಿಯಂನಲ್ಲಿ ಒಬ್ಬರ ಬದುಕು ತಿರುಗಿದ್ದೂ ಒಂದು ರೇಡಿಯೋದಿಂದಲೇ ಅಲ್ವಾ.

ಕೊನೆಗೆ ಒಂದು ಕೆಲಸ, ಇವತ್ತೇ ಮಾಡಿ. ಗೆಳೆಯರು ಸೇರಿ ಹಾಡು ಮಾಡ್ತಿದ್ದೀರಾ? ಸ್ಟುಡಿಯೋಗೆ ಹೋಗೋ ಮುಂಚೆ ಒಂದು ಬಿಳಿ ಹಾಳೆ ತಗೊಳ್ಳಿ. ಸಾಹಿತ್ಯ ಯಾರದ್ದು, ರಾಗ ಯಾರದ್ದು, ಬೀಟ್ ಯಾರು ಮಾಡಿದ್ದು, ಖರ್ಚು ಯಾರು ಹಾಕಿದ್ದು, ಬಂದ ದುಡ್ಡಲ್ಲಿ ಯಾರಿಗೆ ನೂರಕ್ಕೆ ಎಷ್ಟು. ಕನ್ನಡದಲ್ಲೇ ಬರೀರಿ, ಎಲ್ಲರೂ ಸೈನ್ ಹಾಕಿ, ತಾರೀಖು ಹಾಕಿ, ಫೋಟೋ ತೆಗೆದು ಗ್ರೂಪಲ್ಲಿ ಹಾಕಿ. "ಏನ್ಲಾ ಫ್ರೆಂಡ್ಸ್ ಮಧ್ಯೆ ಕಾಗದ?" ಅಂತ ಒಬ್ಬ ಅಂದೇ ಅಂತಾನೆ. ಅವನ ಹತ್ರಾನೇ ಮೊದಲು ಸೈನ್ ಹಾಕಿಸಿ.

ಮುಂದಿನ ಸಂಚಿಕೆಯಲ್ಲಿ ಸಾವಿರ ರೂಪಾಯಿ ಒಳಗಿನ ಮೈಕಲ್ಲಿ ಮನೆಯಲ್ಲೇ ರೆಕಾರ್ಡ್ ಮಾಡೋದು ಹೇಗೆ, ಫ್ಯಾನ್ ಸದ್ದು, ಪಕ್ಕದ ಮನೆ ಮಿಕ್ಸಿ ಸದ್ದು ತಪ್ಪಿಸೋದು ಹೇಗೆ ಅಂತ ನೋಡೋಣ. ನಿಮ್ಮ ಹಾಡು ಇದ್ರೆ ಕಳಿಸಿ. ಸಿಗೋಣ.